ಕದ್ದರೇ ಹಬ್ಬುವ ಬಳ್ಳಿ

ಗಿಡ ಮಾರುವುದು ನೆಮ್ಮದಿಯ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ಗಿಡಗಳ ಮಟ್ಟಿಗೆ ಅದು ನಿಜ. ಅವು ಎದುರುತ್ತರ ಕೊಡುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಇಟ್ಟ ಕಡೆ ಇರುತ್ತವೆ. ಆದರೆ ಅವುಗಳನ್ನು ಕೊಳ್ಳೋಕೆ ಜನ ಬರಬೇಕಲ್ಲ! ಜನ ಬಂದ ಮೇಲೆ ಪ್ರಸಂಗ ಬರದೇ ಇರುತ್ತದೆಯೇ? ಚಂದ್ರಾ ಲೇಔಟಿನ ನಮ್ಮ ಮನೆ ಪಕ್ಕದ ಸೈಟಿನಲ್ಲಿ ನಾನು ನರ್ಸರಿ ಇಟ್ಟ ದಿನದಿಂದ ನಗು ಬರದೇ ಹೋದ ವಾರವೇ ಇಲ್ಲ. ಎಷ್ಟೋ ಸಲ ಗಿರಾಕಿ ಗೇಟು ದಾಟುವ ತನಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೇನೆ.

ಮೊದಲು ನಮ್ಮ ಅತ್ತೆಯವರ ವಿಷಯ ಹೇಳಿಬಿಡಬೇಕು. ನಮ್ಮದು ಕೆಳಗೆ ಗೊಬ್ಬರ, ಕುಂಡ ತುಂಬಿಡುವ ಗೋಡೌನು, ಮೇಲೆ ಮನೆ. ಮೊದಲೆಲ್ಲ ಅತ್ತೆ ನರ್ಸರಿಯಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಈ ಜಾಗ ಹೊಲವಾಗಿದ್ದ ಕಾಲದಿಂದ ನೋಡಿದವರು ಅವರು. ಬಂದವರನ್ನೆಲ್ಲ ಮಾತಾಡಿಸುತ್ತಾ ಹೊತ್ತು ಕಳೆಯುತ್ತಿದ್ದರು. ಆಮೇಲೆ ಮಂಡಿ ಕೈಕೊಟ್ಟಿತು, ಮೆಟ್ಟಿಲು ಇಳಿಯುವುದು ನಿಂತಿತು, ಕುರ್ಚಿ ಮೇಲಿನ ಬಾಲ್ಕನಿಗೆ ಹೋಯಿತು. ಒಂದು ದಿನ ಗ್ರಿಲ್ಲಿಗೆ ಮುಖ ಒತ್ತಿಕೊಂಡು, "ಕೆಳಗಿಂದು ಒಂದೂ ಮೇಲಕ್ಕೆ ಬರಲ್ಲ ಕಣವ್ವ ನನ್ ಹತ್ರ," ಅಂದುಬಿಟ್ಟರು.

ಊರಿಗೆಲ್ಲ ಹಸಿರು ಹಂಚುವವಳು ನಾನು, ನಮ್ಮ ಅತ್ತೆಗೆ ಒಂದು ಎಲೆ ನೋಡುವ ಭಾಗ್ಯ ಇಲ್ಲವಲ್ಲ! ಅವತ್ತೇ ಗೇಟಿನ ಕಂಬದ ಪಕ್ಕ ಒಂದು ಮನಿ ಪ್ಲಾಂಟ್ ನೆಟ್ಟು, ಬಾಲ್ಕನಿ ಗ್ರಿಲ್ಲಿನವರೆಗೂ ಹಗ್ಗ ಕಟ್ಟಿದೆ. ಕುಂಡಗಳನ್ನು ತಂದಿಡುತ್ತೇನೆಂದರೆ, "ಸೊಳ್ಳೆ ಬರ್ತವೆ, ಬ್ಯಾಡ," ಅಂದಿದ್ದರು. ಬಳ್ಳಿಯಾದರೆ ತಾನಾಗಿಯೇ ಹತ್ತಿಕೊಂಡು ಹೋಗಿ ಗ್ರಿಲ್ ತುಂಬ ಹಬ್ಬಿ ಅವರ ಕೈಗೆ ಎಲೆ ಸಿಗಬೇಕು ಅನ್ನುವುದು ನನ್ನ ಹಟ. ಅತ್ತೆಯೂ ದಿನಾ ಸಾಯಂಕಾಲ ತಪ್ಪದೇ ಕೇಳುತ್ತಿದ್ದರು: "ಎಲ್ಲಿಗೆ ಬಂತವ್ವ?"

"ಮೀಟರ್ ಬೋರ್ಡ್ ಹತ್ರ ಬಂದಿದೆ ಅತ್ತೆ."

"ಆಗ್ಲೇ?" ಅನ್ನುತ್ತಿದ್ದರು. ಪಾಪ, ಎಷ್ಟು ಆಸೆ!

ಅಡ್ಮಿಷನ್

ಬೋರ್ಡಿನಲ್ಲಿ 'ನರ್ಸರಿ' ಅಂತ ದೊಡ್ಡದಾಗಿ ಬರೆಸಿ ಕೆಳಗೆ ಫೋನ್ ನಂಬರ್ ಹಾಕಿಸಿದ್ದೆ. ಅಕ್ಷರ ಎಷ್ಟು ದೊಡ್ಡದಾಯಿತೆಂದರೆ ಗಿಡದ ಚಿತ್ರಕ್ಕೆ ಜಾಗವೇ ಉಳಿಯಲಿಲ್ಲ. ಒಂದು ಬೆಳಗ್ಗೆ ಒಬ್ಬರು ಫೋನ್ ಮಾಡಿದರು.

"ಮೇಡಂ, ನರ್ಸರಿನಾ?"

"ಹೌದು, ಹೇಳಿ ಸಾರ್."

"ನಮ್ಮನೇಲೊಂದಿದೆ ಮೇಡಂ. ಮೂರು ವರ್ಷ ತುಂಬ್ತು. ಯಾಕೋ ಸಪ್ಪಗಿರುತ್ತೆ."

ಗಿಡ ಸಪ್ಪಗಿದೆ ಅಂತ ಫೋನ್ ಮಾಡುವವರು ದಿನಾ ಇರುತ್ತಾರೆ. ನಾನು ಡಾಕ್ಟರ್ ಗತ್ತಿನಲ್ಲಿ ಶುರು ಮಾಡಿದೆ. "ಬಿಸಿಲು ಬೀಳುತ್ತಾ ಅದಕ್ಕೆ?"

"ಎಲ್ಲಿಂದ ಮೇಡಂ, ಫ್ಲಾಟು. ಹೊರಗಡೆ ಬಿಟ್ರೆ ಬೇಗ ಬಾಡಿಹೋಗುತ್ತೆ."

"ಹಂಗಂತ ಒಳಗೇ ಇಟ್ಕೊಂಡ್ರೆ ಬೆಳೆಯಲ್ಲ. ಬೆಳಗ್ಗೆ ಹೊತ್ತು ಬಾಲ್ಕನೀಲಿ ಬಿಡಿ."

"ಬಿಡ್ತೀವಿ ಮೇಡಂ. ಗ್ರಿಲ್ ಇದೆ, ಬೀಳೋ ಭಯ ಇಲ್ಲ."

"ಆಗಾಗ ಚಿವುಟ್ತೀರಾ? ಚಿವುಟ್ತಾ ಇದ್ರೆ ಚೆನ್ನಾಗಿ ಗಟ್ಟಿ ಆಗುತ್ತೆ."

"ನಮ್ಮ ಮನೆಯವಳು ಚಿವುಟ್ತಾಳೆ ಮೇಡಂ. ನಾನೇ ಬೇಡ ಅಂತೀನಿ."

"ಅವರು ಮಾಡೋದೇ ಸರಿ. ಇನ್ನೂ ಹಳೇ ಪಾಟಲ್ಲೇ ಇದೆಯಾ?"

ಅವರ ದನಿ ಸಂಕೋಚದಿಂದ ಸಣ್ಣದಾಯಿತು. "ಇಲ್ಲ ಮೇಡಂ, ಹೋದ ತಿಂಗಳು ಪಾಟ್ ಬಿಡಿಸಿದ್ವಿ. ಈಗ ಬಾತ್‌ರೂಮಿಗೇ ಹೋಗುತ್ತೆ."

ನನಗೆ ಆಗ ಅನುಮಾನ ಬಂತು. "ಸಾರ್, ನಿಮ್ಮ ಗಿಡ ಬಾತ್‌ರೂಮಿಗೆ ಹೋಗುತ್ತಾ?"

"ಯಾವ ಗಿಡ ಮೇಡಂ? ನಾನು ನಮ್ಮ ಮಗು ವಿಷಯ ಹೇಳ್ತಾ ಇರೋದು. ಅಡ್ಮಿಷನ್ ಓಪನ್ ಇದೆಯಾ ಅಂತ ಕೇಳೋಣಾಂತ..."

ಇದು ಗಿಡದ ನರ್ಸರಿ ಅಂತ ನಾನು ತಪ್ಪೊಪ್ಪಿಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಫೋನ್ ಇಡುವ ಮುಂಚೆ ಮಾತ್ರ ಗಂಭೀರವಾಗಿ ಕೇಳಿದರು: "ಹಂಗಾದ್ರೆ ಮೇಡಂ, ಚಿವುಟೋದು ಬೇಡ ತಾನೇ?"

ಪೀಸು

ಬ್ಯಾಡರಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ ಯಜಮಾನರೊಬ್ಬರು ಗೃಹಪ್ರವೇಶಕ್ಕೆ ಗಿಡ ಕೊಳ್ಳಲು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಕಾರಿನ ಕೀ. ಮನೆಯ ಹಾಲ್‌ನಲ್ಲಿ ಇಡೋಕೆ ಚೆನ್ನಾಗಿರುವುದು ಬೇಕು ಅಂದರು.

"ಈ ಸಾಲು ಪೂರ್ತಿ ಇಂಡೋರ್ ಗಿಡಗಳು ಸಾರ್," ಅಂದೆ.

ಅವರು ಹುಬ್ಬೇರಿಸಿದರು. "ಅಷ್ಟು ದೂರದಿಂದ ತರ್ಸ್ತೀರಾ? ನಮ್ಮ ಕಡೆ ನೀರಿಗೆ ಹಿಡೀತದಾ ಅದು? ಲೋಕಲ್ದು ಯಾವ್ದಾದ್ರೂ ತೋರ್ಸಿ ತಾಯಿ."

ಇಂದೋರಿಗೂ ನನಗೂ ಯಾವ ಸಂಬಂಧವೂ ಇಲ್ಲ, ಮನೆಯೊಳಗೆ ಇಡುವ ಗಿಡ ಅಂತ ಅರ್ಥ ಅಂತ ವಿವರಿಸಿದೆ. ಅವರು ಒಪ್ಪಿದರು. ಕಡು ಹಸಿರು ಎಲೆ, ಮಧ್ಯೆ ಬಿಳಿ ಹೂ ಇರುವ ಒಂದು ಗಿಡದ ಮುಂದೆ ನಿಂತರು. ಮುಖ ಅರಳಿತು.

"ಇದೇನು?"

"ಪೀಸ್ ಲಿಲಿ ಸಾರ್."

ಅರಳಿದ ಮುಖ ಮುದುಡಿತು. "ಪೀಸ್ ಬ್ಯಾಡ ತಾಯಿ. ಗೃಹಪ್ರವೇಶಕ್ಕೆ ಯಾರಾದ್ರೂ ತುಂಡು ತಂದಿಡ್ತಾರಾ? ಇಡೀದೇ ಕೊಡಿ."

ಪೀಸ್ ಅಂದರೆ ಶಾಂತಿ ಅಂತ ಹೇಳಿದೆ. ಅದು ಇನ್ನೂ ಕೆಟ್ಟದಾಯಿತು. "ಶಾಂತಿ ಮಾಡ್ಸೋ ಅಂಥ ದೋಷ ಏನೂ ಇಲ್ಲ ನಮ್ಮ ಮನೇಲಿ. ಜೋಯಿಸ್ರು ನೋಡಿದಾರೆ."

ಇನ್ನು ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿತು. ಗಿಡ ಎತ್ತಿಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಒಂದು ಸುತ್ತು ಹಾಕಿ, ಎಲೆ ಒರೆಸಿ ಅದನ್ನೇ ವಾಪಸ್ ತಂದೆ. "ತಗೊಳ್ಳಿ ಸಾರ್, ಇದು ಫುಲ್ ಲಿಲಿ."

"ಹಂಗೆ ಬನ್ನಿ ದಾರಿಗೆ," ಅಂತ ಖುಷಿಯಿಂದ ಕಾರಿನಲ್ಲಿ ಇಟ್ಟುಕೊಂಡು ಹೋದರು. ಈಗ ಬ್ಯಾಡರಹಳ್ಳಿ ಕಡೆಯಿಂದ ಅವರ ನೆಂಟರೆಲ್ಲ ಬರುತ್ತಾರೆ. ಬಂದವರು ಮೊದಲೇ ಎಚ್ಚರಿಸುತ್ತಾರೆ: "ಫುಲ್ ಲಿಲಿ ಇದ್ರೆ ಕೊಡಿ ಮೇಡಂ. ಪೀಸ್ ಕೊಟ್ಟು ಯಾಮಾರಿಸ್ಬೇಡಿ."

ಹೆಂಗಿಟ್ಟರೂ

ಕೆಂಗೇರಿ ಉಪನಗರದ ಇಬ್ಬರು ಹುಡುಗರು ಒಂದೇ ಬೈಕಿನಲ್ಲಿ ಬಂದಿಳಿದರು. ಒಟ್ಟಿಗೆ ರೂಮು ಮಾಡಿಕೊಂಡಿದ್ದಾರಂತೆ.

"ಆಂಟಿ, ರೂಮಿಗೆ ಒಂದು ಗಿಡ ಬೇಕು. ಬಿಸಿಲು ಬರಲ್ಲ."

"ಸ್ನೇಕ್ ಪ್ಲಾಂಟ್ ತಗೊಳ್ಳಿ," ಅಂತ ಕತ್ತಿಯ ಹಾಗೆ ನೆಟ್ಟಗೆ ನಿಂತ ಎಲೆಗಳ ಗಿಡ ತೋರಿಸಿದೆ.

"ನೀರು ಹಾಕೋದು ಮರೆತುಹೋಗುತ್ತೆ ಆಂಟಿ."

"ಇದು ತಡ್ಕೊಳ್ಳುತ್ತೆ."

"ಕಿಟಕಿ ತೆಗೆಯಲ್ಲ."

"ಪರವಾಗಿಲ್ಲ."

"ಹಬ್ಬಕ್ಕೆ ಊರಿಗೆ ಹೋದ್ರೆ ಬರೋದು ಯಾವಾಗ ಅಂತ ಹೇಳೋಕಾಗಲ್ಲ."

"ಅಷ್ಟು ದಿನಾನೂ ಇರುತ್ತಪ್ಪ."

ಒಬ್ಬ ಬೆರಗಾಗಿ ಇನ್ನೊಬ್ಬನ ಕಡೆ ತಿರುಗಿದ. "ಮಗಾ, ಇದು ನಮ್ಮ ಥರಾನೇ ಕಣೋ. ಹೆಂಗಿಟ್ರೂ ಬದುಕುತ್ತೆ."

ಇನ್ನೊಬ್ಬ ಗಿಡವನ್ನು ಮೇಲಿಂದ ಕೆಳಗೆ ನೋಡಿದ. "ಇದೂ ಬಾಡಿಗೆ ಶೇರ್ ಮಾಡಲ್ಲ ಗುರು, ನಿನ್ ಥರಾನೇ."

ಆ ಕಡೆ ತಿರುಗಿ

ಮನಿ ಪ್ಲಾಂಟ್ ಕೊಂಡು ತಂದರೆ ಬರುವುದಿಲ್ಲ, ಕದ್ದು ತಂದರೆ ಮಾತ್ರ ಹಬ್ಬುತ್ತದೆ, ಮನೆಗೆ ಲಕ್ಷ್ಮಿಯೂ ಬರುತ್ತಾಳೆ ಅಂತ ನಮ್ಮ ಕಡೆ ಎಲ್ಲರಿಗೂ ನಂಬಿಕೆ. ಮನಿ ಪ್ಲಾಂಟ್ ಮಾರುವವಳಿಗೆ ಇದಕ್ಕಿಂತ ದೊಡ್ಡ ಶಾಪ ಇನ್ನೊಂದಿಲ್ಲ.

ವಿಜಯನಗರದಿಂದ ಬಂದ ಒಬ್ಬ ಹೆಂಗಸು ಬಹಳ ಹೊತ್ತು ಆ ಸಾಲಿನ ಮುಂದೆ ನಿಂತಿದ್ದರು. ಮೆತ್ತನೆಯ ಮಾತಿನವರು, ಒಳ್ಳೆಯ ಮನೆತನದವರು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಕೊನೆಗೆ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಆ ಕಡೆ ತಿರುಗ್ತೀರಾ?"

"ಯಾಕಮ್ಮಾ?"

"ಒಂದು ಮನಿ ಪ್ಲಾಂಟ್ ಕದೀಬೇಕಿತ್ತು."

ನಾನು ಕಣ್ಣು ಕಣ್ಣು ಬಿಟ್ಟೆ. ಅವರೇ ಸಮಾಧಾನ ಹೇಳಿದರು. "ಹೇಳದೇ ಕದ್ರೆ ಪಾಪ ಅಂತ ಅನ್ಸುತ್ತೆ ನೋಡಿ. ಅದಕ್ಕೇ ಹೇಳಿ ಕದೀತಿದೀನಿ."

ಇಂಥ ಪ್ರಾಮಾಣಿಕತೆಗೆ ಇಲ್ಲ ಅನ್ನುವುದು ಹೇಗೆ? ಗೋಡೆ ಕಡೆ ತಿರುಗಿ ನಿಂತೆ. ಹಿಂದೆ ಸರಸರ ಸದ್ದು.

"ಆಯ್ತಾ?" ಅಂದೆ.

"ಒಂದ್ ನಿಮಿಷ, ಆರಿಸ್ತಾ ಇದೀನಿ. ಇದು ಎಲೆ ಸ್ವಲ್ಪ ಹಳದಿ ಆಗಿದೆ ಅಲ್ವಾ?"

"ಅದು ಬೇಡಮ್ಮ. ಅದರ ಪಕ್ಕದ್ದು ತಗೊಳ್ಳಿ, ಬೇರು ಚೆನ್ನಾಗಿ ಬಿಟ್ಟಿದೆ."

ಕದ್ದಾಯಿತು. ದುಡ್ಡು ಕೊಟ್ಟರೆ ಕದ್ದಂತಾಗುವುದಿಲ್ಲ, ಕೊಡದಿದ್ದರೆ ಅವರ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಬೇಡದ ಒಂದು ಮಣ್ಣಿನ ಕುಂಡ ಕೊಂಡು, ಚಿಲ್ಲರೆ ಬೇಡ ಅಂತ ಅಂದು ಹೊರಟರು. ಗೇಟಿನವರೆಗೆ ಹೋದವರು ವಾಪಸ್ ಬಂದರು.

"ಒಂದು ಕವರ್ ಕೊಡ್ತೀರಾ? ಬಸ್ಸಲ್ಲಿ ಮಣ್ಣು ಚೆಲ್ಲುತ್ತೆ."

ಕದ್ದ ಮಾಲನ್ನು ಕೈಯಾರೆ ಪ್ಯಾಕ್ ಮಾಡಿ ಕೊಟ್ಟು, ಬಸ್‌ಸ್ಟಾಪಿನ ದಾರಿಯನ್ನೂ ತೋರಿಸಿದೆ.

ಎಲ್ಲ ಕಳ್ಳರೂ ಇಷ್ಟು ಮರ್ಯಾದಸ್ಥರಲ್ಲ. ನಮ್ಮ ಗೇಟಿನ ಬಳ್ಳಿ ಮೀಟರ್ ಬೋರ್ಡ್ ದಾಟಿ ಸಜ್ಜಾ ಮುಟ್ಟಿತು ಅನ್ನುವಷ್ಟರಲ್ಲಿ ಒಂದು ಮಧ್ಯಾಹ್ನ ಯಾರೋ ಆಳೆತ್ತರದಲ್ಲಿ ಕತ್ತರಿಸಿ ಮೇಲಿನದನ್ನೆಲ್ಲ ಎಳೆದುಕೊಂಡು ಹೋದರು. ಮತ್ತೆ ಚಿಗುರಿತು, ಮತ್ತೆ ಸಜ್ಜಾ ಹತ್ತಿರ ಬಂತು, ಮತ್ತೆ ಹೋಯಿತು. ಕೈಯಲ್ಲಿ ಕಿತ್ತಿದ್ದೂ ಅಲ್ಲ, ನೀಟಾಗಿ ಕತ್ತರಿಯಲ್ಲಿ ಕತ್ತರಿಸಿದ್ದು. ನನಗೆ ಅಳುವೇ ಬಂತು. ಅತ್ತೆಯ ಮುಂದೆ ಹೋಗಿ, "ಇನ್ನೊಂದ್ ಮೊಳ ಇತ್ತು ಅತ್ತೆ, ನಿಮ್ಮ ಕೈಗೆ ಸಿಕ್ಕೇಬಿಡ್ತಿತ್ತು," ಅಂದೆ.

ಅತ್ತೆ ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡವ್ವ, ಅಳಬ್ಯಾಡ. ನೀನು ಮಧ್ಯಾಹ್ನ ಉಂಡು ಒಂದ್ ಚೂರು ಮಲ್ಕೋ. ನಾನು ಮೇಲಿಂದ ಗೇಟು ಕಾಯ್ತೀನಿ."

ಆ ವಯಸ್ಸಿನಲ್ಲಿ ಕಾವಲು ಕೂರುತ್ತೇನೆ ಅಂದರಲ್ಲ ಅಂತ ನನಗೆ ಹೃದಯ ತುಂಬಿ ಬಂತು. ಆ ದಿನಗಳಲ್ಲೇ ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯೂ ಮಾಯವಾಯಿತು. ನಮ್ಮ ಯಜಮಾನರ ಮೇಲೆ ಕೂಗಾಡಿದೆ. ಅವರು ಪಾಪ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿಯುವುದು ರೂಢಿ ಮಾಡಿಕೊಂಡರು.

ಏಕಾದಶಿ

ಇದರಲ್ಲಿ ತಪ್ಪು ನನ್ನ ಜಾಣತನದ್ದು.

ಬಸವೇಶ್ವರನಗರದ ಒಬ್ಬ ಅಜ್ಜಿ ಜೀಜೀ ಗಿಡ ಕೊಂಡರು. ಮೇಣ ಹಚ್ಚಿದ ಹಾಗೆ ಹೊಳೆಯುವ ಎಲೆ, ಬುಡದಲ್ಲಿ ಆಲೂಗಡ್ಡೆಯಂಥ ಗೆಡ್ಡೆ. ಆ ಗೆಡ್ಡೆಯಲ್ಲೇ ನೀರು ಕೂಡಿಟ್ಟುಕೊಳ್ಳುವುದರಿಂದ ಅದಕ್ಕೆ ಪದೇ ಪದೇ ನೀರು ಬೇಡ. ಬಹಳ ನೀರಾದರೆ ಕೊಳೆತೇ ಹೋಗುತ್ತದೆ.

"ಹದಿನೈದು ದಿನಕ್ಕೊಂದ್ಸಲ ನೀರು ಸಾಕು ಅಮ್ಮಾ."

"ನೆನಪು ಇರಲ್ಲ ಕಣಮ್ಮ ನನಗೆ."

ನನಗೆ ಥಟ್ಟನೆ ಹೊಳೆಯಿತು. "ಏಕಾದಶಿ ಲೆಕ್ಕ ಇಟ್ಕೊಳ್ಳಿ. ಮರೆಯೋದೇ ಇಲ್ಲ."

ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಗಿಡಕ್ಕೂ ಏಕಾದಶಿ! ಪೂರ್ವಜನ್ಮದಲ್ಲಿ ಪುಣ್ಯ ಮಾಡಿರ್ಬೇಕು ಇದು," ಅಂತ ಕುಂಡಕ್ಕೆ ಕೈಮುಗಿದು ತೆಗೆದುಕೊಂಡು ಹೋದರು. ನಾನು ಆ ಐಡಿಯಾವನ್ನು ಸಿಕ್ಕ ಸಿಕ್ಕವರಿಗೆ ಹೇಳಿ ಬೀಗಿದೆ.

ಒಂದೆರಡು ತಿಂಗಳಿಗೆ ಅಜ್ಜಿ ಆಟೋದಲ್ಲಿ ಬಂದರು. ತೊಡೆ ಮೇಲೆ ಕುಂಡ, ಕುಂಡದಲ್ಲಿ ಗಿಡ ನಾಲ್ಕೂ ಕಡೆ ಕೈಕಾಲು ಚೆಲ್ಲಿ ಮಲಗಿತ್ತು. ಮಣ್ಣಿಗೆ ಬೆರಳಿಟ್ಟರೆ ಗದ್ದೆಯ ಕೆಸರು.

"ಅಮ್ಮಾ, ನೀರು ವಿಪರೀತ ಆಗಿದೆ."

"ಸಾಧ್ಯವೇ ಇಲ್ಲ. ನೀವು ಹೇಳಿದ ಹಾಗೆ ಒಂದು ಏಕಾದಶಿನೂ ತಪ್ಪಿಸಿಲ್ಲ."

"ಏಕಾದಶಿ ದಿನ ಎಷ್ಟು ಹಾಕ್ತಿದ್ರಿ?"

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏಕಾದಶಿ ದಿನ ಹಾಕ್ತಾರೇನಮ್ಮಾ ಯಾರಾದ್ರೂ? ಉಪವಾಸ ಅಲ್ವಾ! ಅವತ್ತು ಒಂದು ತೊಟ್ಟೂ ಇಲ್ಲ."

"ಮತ್ತೆ ಮಿಕ್ಕಿದ ದಿನ?"

"ಮಿಕ್ಕಿದ ದಿನ ಎರಡು ಹೊತ್ತೂ. ದ್ವಾದಶಿ ದಿನ ಬೆಳಗ್ಗೆ ಬೇಗ ಎದ್ದು ಪಾರಣೆಗೆ ಅಂತ ಒಂದು ಚೊಂಬು ಜಾಸ್ತಿ. ಪಾಪ, ಹಿಂದಿನ ದಿನ ಪೂರ್ತಿ ಹಸಿದಿರುತ್ತಲ್ಲ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಜ್ಜಿ ಗಿಡದ ಕೊಳೆತ ಎಲೆಯೊಂದನ್ನು ಸವರುತ್ತಾ ನಿಟ್ಟುಸಿರು ಬಿಟ್ಟರು. "ನಾನಾದ್ರೂ ಮಧ್ಯಾಹ್ನಕ್ಕೆ ತಡೆಯಲಾರದೆ ಒಂದು ಲೋಟ ಕಾಫಿ ಕುಡಿದುಬಿಡ್ತಿದ್ದೆ. ಇದು ಮಾತ್ರ ನಿಷ್ಠೆಯಿಂದ ಮಾಡ್ತು ಕಣಮ್ಮ."

ಬಾಡಿಗೆ ಕ್ರೋಟನ್

ಒಂದು ಶನಿವಾರ ಕೆಂಗೇರಿ ಉಪನಗರದ ಒಬ್ಬ ತಾಯಿ ಗಾಬರಿಯಲ್ಲಿ ಬಂದರು. ಮಾರನೇ ದಿನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ.

"ಹುಡುಗಿಗೆ ಗಿಡ ಅಂದ್ರೆ ಪ್ರಾಣ ಅಂತ ನಮ್ಮ ಯಜಮಾನ್ರು ಫೋನಲ್ಲಿ ಹೇಳಿಬಿಟ್ಟಿದಾರೆ. ಮನೇಲಿ ನೋಡಿದ್ರೆ ಕೊತ್ತಂಬರಿ ಕಟ್ಟು ಬಿಟ್ರೆ ಬೇರೆ ಹಸಿರಿಲ್ಲ. ಒಂದು ದಿನಕ್ಕೆ ಬಾಡಿಗೆಗೆ ಕೊಡಿ."

ಶುಭಕಾರ್ಯಕ್ಕೆ ಇಲ್ಲ ಅನ್ನಬಾರದು. ಲಗೇಜ್ ಆಟೋದಲ್ಲಿ ಗಿಡ ತುಂಬಿಕೊಂಡು ಬೆಳಗ್ಗೆಯೇ ಹೋಗಿ ಹಾಲಿನಲ್ಲಿ ಜೋಡಿಸಿದೆ. ಬಾಗಿಲ ಪಕ್ಕ ಬಣ್ಣಬಣ್ಣದ ಎಲೆಯ ಕ್ರೋಟನ್ ಇಟ್ಟೆ. ಅದರ ನೀಲಿ ಕುಂಡದ ಅಂಚು ಒಂದು ಕಡೆ ಒಡೆದಿತ್ತು. ಒಡೆದ ಭಾಗವನ್ನು ಗೋಡೆ ಕಡೆ ತಿರುಗಿಸಿದೆ. "ಹೆಸರು ಗಿಸರು ಕೇಳಿದ್ರೆ ಬೇಕಾಗುತ್ತೆ," ಅಂತ ಆ ತಾಯಿ ನನ್ನನ್ನು ಅಡುಗೆಮನೆಯಲ್ಲೇ ಉಳಿಸಿಕೊಂಡರು.

ಗಂಡಿನವರು ಬಂದರು. ಹುಡುಗನ ತಾಯಿ ಕ್ರೋಟನ್ ಹತ್ತಿರ ಬಗ್ಗಿದರು. ಕುಂಡವನ್ನು ಅರ್ಧ ಸುತ್ತು ತಿರುಗಿಸಿ ಒಡೆದ ಅಂಚನ್ನು ಬೆರಳಲ್ಲಿ ಸವರಿದರು. ಪರದೆ ಸಂದಿಯಿಂದ ಅವರ ಮುಖ ನೋಡಿ ನಾನು ಹಿಂದೆ ಸರಿದೆ. ನಮ್ಮ ಪಕ್ಕದ ರಸ್ತೆಯವರು! ಹಿಂದಿನ ದಿನ ತಾನೇ ಇದೇ ಕುಂಡವನ್ನು ಒಂದು ಗಂಟೆ ಚೌಕಾಸಿ ಮಾಡಿ, ಅಂಚು ಒಡೆದಿದೆ ಅಂತ ಬಿಟ್ಟು ಹೋಗಿದ್ದರು.

"ಗಿಡ ಚೆನ್ನಾಗಿದೆ. ಏನಮ್ಮಾ ಇದರ ಹೆಸರು?" ಅಂತ ಹುಡುಗಿಯನ್ನು ಕೇಳಿದರು.

ಹುಡುಗಿಯ ಅಪ್ಪ ಫ್ಯಾನ್ ನೋಡಿದರು. ಅಮ್ಮ ಕಾಫಿ ತಟ್ಟೆ ಹಿಡಿದುಕೊಂಡೇ ಅಡುಗೆಮನೆ ಕಡೆ ನೋಡಿದರು. ಹುಡುಗಿ ಗಿಡವನ್ನು ನೋಡಿದಳು, ಹುಡುಗನ ತಾಯಿಯನ್ನು ನೋಡಿದಳು.

"ಗೊತ್ತಿಲ್ಲ ಆಂಟಿ. ಇವತ್ತು ಬೆಳಗ್ಗೆ ಬಂತು, ಸಾಯಂಕಾಲ ಹೋಗುತ್ತೆ."

ಹುಡುಗನ ತಾಯಿ ಮೊದಲು ತುಟಿ ಬಿಗಿಹಿಡಿದರು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. "ಗಿಡ ಬಾಡಿಗೆದಾದ್ರೂ ಪರವಾಗಿಲ್ಲ ಬಿಡಿ. ಹುಡುಗಿ ನಿಮ್ಮದೇ ತಾನೇ?"

ನಾನು ಉಸಿರು ಬಿಡುವಷ್ಟರಲ್ಲಿ ಅಡುಗೆಮನೆ ಕಡೆ ಕತ್ತು ಚಾಚಿ ಕೂಗಿದರು: "ನರ್ಸರಿಯಮ್ಮಾ, ಬನ್ನಿ ಹೊರಗೆ! ಈಗಲಾದ್ರೂ ನಾನು ಕೇಳಿದ ರೇಟಿಗೆ ಕೊಡ್ತೀರೋ ಇಲ್ವೋ?"

ಕಾವಲು

ಆ ಗಂಡಿನ ಕಡೆಯವರು "ತಿಳಿಸ್ತೀವಿ" ಅಂದು ಹೋದ ಮೇಲೆ ನನಗೆ ಸುದ್ದಿ ಬರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅತ್ತೆ ಮುದ್ದೆ ಮುರಿಯುತ್ತಾ, "ಆ ಕ್ರೋಟನ್ ಹುಡುಗಿ ಮದ್ವೆ ಗೊತ್ತಾಯ್ತಂತೆ ಕಣವ್ವ," ಅಂದರು.

"ನಿಮಗೆ ಯಾರು ಹೇಳಿದ್ರು ಅತ್ತೆ?"

"ಕಿವಿ ಇದ್ದೋರಿಗೆ ಗೊತ್ತಾಯ್ತದೆ."

ಅದೊಂದೇ ಅಲ್ಲ. ಮೂಲೆ ಮನೆಯ ಬಾಣಂತಿಗೆ ಹೆಣ್ಣು ಮಗು ಆಗಿದ್ದು, ಎದುರು ಮನೆಯವರು ಬೋರ್‌ವೆಲ್ ಕೊರೆಸುತ್ತಿರುವುದು, ದರ್ಶಿನಿಯ ಅಡುಗೆಯವರು ಬದಲಾಗಿ ಸಾಂಬಾರ್ ಕೆಟ್ಟಿದ್ದು, ಎಲ್ಲವೂ ಅತ್ತೆಗೆ ನನಗಿಂತ ಮುಂಚೆ ಗೊತ್ತು. ಫೋನಿನಲ್ಲಿ ಯಾರೋ ಹೇಳುತ್ತಿರಬೇಕು ಅಂದುಕೊಂಡೆ. ನನಗೆ ತಲೆ ತುಂಬ ಬಳ್ಳಿಯದೇ ಚಿಂತೆ. ಅತ್ತೆ ಅಷ್ಟು ಕಣ್ಣಿಟ್ಟು ಕಾವಲು ಕಾಯುತ್ತಿದ್ದರೂ ಬಳ್ಳಿ ಮತ್ತೆ ಸಜ್ಜಾ ಮುಟ್ಟಿದ ಮೇಲೆ ಹೋಯಿತು. "ಕಣ್ಣು ಹತ್ಬಿಟ್ಟಿತ್ತವ್ವ," ಅಂತ ಅತ್ತೆ ಪೇಚಾಡಿದರು.

ಅದು ಇನ್ನೊಂದು ಸಲ ಚಿಗುರಿ ಸಜ್ಜಾ ದಾಟಿ ಗ್ರಿಲ್ಲಿಗೆ ಒಂದು ಗೇಣು ಇದೆ ಅನ್ನುವಾಗ ನಾನು ನಿರ್ಧಾರ ಮಾಡಿದೆ. ಈ ಸಲ ಬಳ್ಳಿ ಅತ್ತೆಯ ಕೈ ಮುಟ್ಟಲೇಬೇಕು. ವಯಸ್ಸಾದವರ ಒಂದು ಸಣ್ಣ ಆಸೆ ತೀರಿಸಲಾಗದಿದ್ದರೆ ನಾನು ಇಷ್ಟು ಗಿಡ ಇಟ್ಟುಕೊಂಡು ಏನು ಪ್ರಯೋಜನ? "ಕುಂಡ ತರೋಕೆ ಹೋಗ್ಬರ್ತೀನಿ ಅತ್ತೆ, ಬರೋದು ಸಾಯಂಕಾಲ ಆಗುತ್ತೆ," ಅಂತ ಹೇಳಿ ಹೊರಟು, ರಸ್ತೆ ತುದಿಯಿಂದ ವಾಪಸ್ ಬಂದು ನರ್ಸರಿಯಲ್ಲಿ ಗೊಬ್ಬರದ ಚೀಲಗಳ ಹಿಂದೆ ಅಡಗಿ ಕೂತೆ. ಕೈಯಲ್ಲಿ ನೀರಿನ ಪೈಪು. ಕಳ್ಳರು ಬಂದರೆ ಮೊದಲು ಸ್ನಾನ, ಆಮೇಲೆ ಮಾತು.

ಬಿಸಿಲು ನೆತ್ತಿಗೇರಿತು. ಯಾರೋ ಹೆಂಗಸು ಬಂದು ಗೇಟಿನ ಮುಂದೆ ನಿಂತರು. ಯಾರಂತೀರಿ? ಕ್ರೋಟನ್ ಪ್ರಸಂಗದ ಹುಡುಗನ ತಾಯಿ! ನಾನು ಪೈಪು ಬಿಗಿಯಾಗಿ ಹಿಡಿದೆ. ಅವರು ಬಳ್ಳಿಗೆ ಕೈಹಾಕಲಿಲ್ಲ, ಕತ್ತೆತ್ತಿ ಮೇಲೆ ನೋಡಿದರು.

"ಅಮ್ಮಾ, ಇದೀರಾ?"

"ಬಾರವ್ವ, ನಿನ್ನೇ ಕಾಯ್ತಿದ್ದೆ," ಅಂತ ಮೇಲಿಂದ ನಮ್ಮ ಅತ್ತೆಯ ದನಿ! "ಛತ್ರ ಸಿಕ್ತಾ?"

"ಸಿಕ್ತು ಅಮ್ಮಾ. ಮಾಗಡಿ ರೋಡಲ್ಲಿ."

"ಅಡುಗೆಯೋರು ಯಾರು? ಬೀಗ್ರು ಏನಂತಾರೆ? ಒಂದೂ ಬಿಡ್ದಂಗೆ ಹೇಳು. ಆಮೇಲೇ ಬಳ್ಳಿ."

ಅವರು ಗೇಟಿಗೆ ಒರಗಿಕೊಂಡು ಛತ್ರದಿಂದ ಹಿಡಿದು ಹುಡುಗಿಯ ಸೋದರಮಾವನ ಸಿಟ್ಟಿನವರೆಗೆ ಎಲ್ಲ ಹೇಳಿದರು. ಅತ್ತೆ ಮೇಲಿಂದ "ಹೂಂ", "ಅಯ್ಯೋ", "ಅವನಿಗೇನು ಬಂತು ಕೊಬ್ಬು" ಅಂತ ತಾಳ ಹಾಕಿದರು. ಕಥೆ ಮುಗಿಯಿತು. ಬಾಲ್ಕನಿ ಗ್ರಿಲ್ಲಿನಲ್ಲಿ ಸೊಪ್ಪಿನವರಿಗೆ ಬುಟ್ಟಿ ಇಳಿಬಿಡಲು ಮಾಡಿಸಿದ ಪುಟ್ಟ ಬಾಗಿಲು ತೆರೆಯಿತು. ಹಗ್ಗ ಕಟ್ಟಿದ ಬುಟ್ಟಿ ತೂಗಾಡುತ್ತಾ ಕೆಳಗೆ ಬಂತು.

ಬುಟ್ಟಿಯಲ್ಲಿ ನಮ್ಮ ಹಾಲಿನ ಪ್ಯಾಕೆಟ್ಟಿನ ಕತ್ತರಿ.

"ಉದ್ದಕ್ಕೇ ಕತ್ತರಿಸ್ಕೋ," ಅಂದರು ಅತ್ತೆ. "ಗ್ರಿಲ್ ಹತ್ರ ಬಂದ್ಬಿಟ್ಟದೆ ಹಾಳಾದ್ದು."

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ! "ಅತ್ತೇ!" ಅಂತ ಕಿರುಚುತ್ತಾ ಚೀಲಗಳ ಹಿಂದಿನಿಂದ ಎದ್ದು ಬಂದೆ. ಮೇಲೆ ಗ್ರಿಲ್ಲಿನ ಬಾಗಿಲು ಪಟಾರನೆ ಮುಚ್ಚಿಕೊಂಡಿತು. ಬುಟ್ಟಿ ಮಾತ್ರ ಗಾಳಿಯಲ್ಲಿ ನೇತಾಡುತ್ತಾ ಉಳಿಯಿತು. ಹುಡುಗನ ತಾಯಿ ಕತ್ತರಿ ಹಿಡಿದು ನಿಂತಲ್ಲೇ ಕಲ್ಲಾದರು. ಆದರೂ ಚೌಕಾಸಿ ಮಾಡಿ ಪಳಗಿದ ಜೀವ, ಒಂದೇ ಕ್ಷಣದಲ್ಲಿ ಸುಧಾರಿಸಿಕೊಂಡರು.

"ನರ್ಸರಿಯಮ್ಮಾ, ಸ್ವಲ್ಪ ಆ ಕಡೆ ತಿರುಗಿ. ಮಾಲೀಕರು ನೋಡಿದ್ರೆ ಬಳ್ಳಿ ಬರಲ್ಲ."

ನಾನು ಮೆಟ್ಟಿಲು ಹತ್ತಿ ಹೋದಾಗ ಅತ್ತೆ ಏನೂ ಆಗಿಲ್ಲವೆಂಬಂತೆ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅತ್ತೆ, ನೀವೇ ತಾನೇ ಅಂದಿದ್ದು, ಕೆಳಗಿಂದು ಒಂದೂ ಮೇಲಕ್ಕೆ ಬರಲ್ಲ ಅಂತ?"

"ಅಂದೆ. ಗಿಡ ಅಂದ್ನಾ? ಮಾತು ಕಣವ್ವ, ಮಾತು! ಜನದ ಮಾತು ಒಂದೂ ಮೇಲಕ್ಕೆ ಬರಲ್ಲ ಅಂದೆ."

"ಮತ್ತೆ ದಿನಾ ಸಾಯಂಕಾಲ ಎಲ್ಲಿಗೆ ಬಂತು ಎಲ್ಲಿಗೆ ಬಂತು ಅಂತ ಅಷ್ಟು ಆಸೆಯಿಂದ ಕೇಳ್ತಿದ್ರಲ್ಲ?"

"ಆಸೆ ಎಲ್ಲಿ ಬಂತು? ಹೆದರಿಕೆ!" ಅತ್ತೆ ಅವರೆಕಾಯಿ ಮೊರ ಪಕ್ಕಕ್ಕಿಟ್ಟರು. "ಅದು ಬಂದು ಗ್ರಿಲ್ ತುಂಬ ಹಬ್ಕೊಂಡು ಕೂತ್ರೆ ನಂಗೆ ರಸ್ತೆ ಹೆಂಗೆ ಕಾಣ್ಬೇಕು? ನೀನು ಅಷ್ಟು ಪ್ರೀತಿಯಿಂದ ನೆಟ್ಟಿದ್ದೀಯ, ಬ್ಯಾಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಕಳ್ರು ಕಿತ್ಕೊಂಡ್ ಹೋದ್ರೆ ನಿಂಗೂ ನನ್ ಮೇಲೆ ಬೇಜಾರಿಲ್ಲ, ನಂಗೂ ಮಾತಿಗೆ ಜನ ಸಿಗ್ತಾರೆ."

ನನಗೆ ನಗು ತಡೆಯಲಾಗದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬಂದವರಿಗೆಲ್ಲ ಯಾವ ಗಿಡಕ್ಕೆ ಎಷ್ಟು ಬೆಳಕು, ಯಾವುದನ್ನು ಎಲ್ಲಿ ಇಡಬೇಕು ಅಂತ ಪಾಠ ಮಾಡುವವಳು ನಾನು. ನಮ್ಮ ಅತ್ತೆಗೆ ಬೇಕಾದ ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಬೇಜಾರೂ ಆಯಿತು, ಖುಷಿಯೂ ಆಯಿತು. ಅತ್ತೆಯೂ ನಗೋಕೆ ಶುರು ಮಾಡಿದರು. ಕೆಳಗೆ ಗೇಟಿನ ಹತ್ತಿರ ಇನ್ನೂ ನಿಂತಿದ್ದ ಹುಡುಗನ ತಾಯಿ, "ನಾನು ಕತ್ತರಿಸ್ಕೊಳ್ಳಾ ಬೇಡ್ವಾ?" ಅಂತ ಕೂಗಿ ಕೇಳುತ್ತಿದ್ದರು.

ಆಮೇಲೆ ನಾನು ಹಗ್ಗ ಬಿಚ್ಚಿ ಬಳ್ಳಿಯನ್ನು ಕಾಂಪೌಂಡ್ ಗೋಡೆ ಮೇಲೆ ತಿರುಗಿಸಿದೆ. ಅಡುಗೆಮನೆಗೆ ಬೇರೆ ಕತ್ತರಿ ತಂದೆ. ಹಳೆಯದು ಬುಟ್ಟಿಯಲ್ಲೇ ಇರಲಿ ಅಂತ ಅತ್ತೆಗೇ ಬಿಟ್ಟೆ. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ.

ಮೊನ್ನೆ ಒಬ್ಬರು ಗಿರಾಕಿ ಬಂದು ನರ್ಸರಿಯಲ್ಲಿ ಒಳ್ಳೆಯ ಮನಿ ಪ್ಲಾಂಟ್ ಆರಿಸಿ, ಪರ್ಸ್ ತೆಗೆದರು. ಬಾಲ್ಕನಿಯಿಂದ ದನಿ ಬಂತು.

"ಏ ತಾಯಿ, ಕೊಂಡ್ಕೋಬ್ಯಾಡ, ಬರಲ್ಲ ಅದು! ಗೇಟ್ ಹತ್ರ ಬಾ, ಕತ್ತರಿ ಬಿಡ್ತೀನಿ. ಅಂದಂಗೆ ನೀನು ಯಾರ ಪೈಕಿ?"